ಯಾರ ಗೇಣು?

ನಮ್ಮ ಮೊಮ್ಮಗಳು ಪಾಸಾದಳು! ಮೊದಲು ಇದನ್ನು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ಆಕಾಶದ ವಿದ್ಯೆಯಲ್ಲಿ ಪಿಎಚ್‌ಡಿ ಮುಗಿಸಿದಳು. ಪುಣೆಯಲ್ಲಿ ದೊಡ್ಡ ದೊಡ್ಡ ವಿದ್ವಾಂಸರು ಎದುರಿಗೆ ಕುಳಿತು ಎರಡು ತಾಸು ಪ್ರಶ್ನೆ ಕೇಳಿದರಂತೆ. ಆಮೇಲೆ ಆಕೆಯನ್ನು ಹೊರಗೆ ನಿಲ್ಲಿಸಿ, ತಮ್ಮತಮ್ಮಲ್ಲೇ ಮಾತಾಡಿಕೊಂಡು, ಬಾಗಿಲು ತೆರೆದು, ಹೆಸರಿನ ಮುಂದೆ ಡಾಕ್ಟರ್ ಅಂತ ಸೇರಿಸಿ ಒಳಗೆ ಕರೆದರಂತೆ. ಇಷ್ಟು ದೊಡ್ಡ ಸುದ್ದಿಯನ್ನು ಹುಡುಗಿ ಫೋನಿನಲ್ಲಿ ಹೇಳಲಿಲ್ಲ. ಇಡೀ ದಿನ ಫೋನ್ ಬಂದ್ ಮಾಡಿಟ್ಟು ನಮ್ಮನ್ನೆಲ್ಲ ಕಾಡಿಸಿ, ಮರುದಿನ ಮಧ್ಯಾಹ್ನ ತಾಳಿಕೋಟೆ ಬಸ್ಸಿನಿಂದ ಮುದ್ದೇಬಿಹಾಳದಲ್ಲಿ ಇಳಿದು, ಬ್ಯಾಗು ಹೆಗಲಿಗೇರಿಸಿಕೊಂಡು ನೆಟ್ಟಗೆ ಅಂಗಡಿಯ ಮುಂದೆ ಬಂದು ನಿಂತಳು. ನಾನು ಗಾದಿಯೊಂದರ ಅಂಚು ಹೊಲಿಯುತ್ತಿದ್ದೆ.

"ಅಜ್ಜಾ, ಸೂಜಿ ಕೆಳಗಿಡು," ಅಂದಳು.

"ಯಾಕವಾ?"

"ಇಡು ಅಂದ್ರ ಇಡು. ಕೈಗೆ ಚುಚ್ಚಿಕೊಂಡು ಆಮ್ಯಾಲ ನನ್ನ ಮ್ಯಾಲ ಹಾಕಬ್ಯಾಡ."

ಇಟ್ಟೆ.

"ಆತು. ಎಲ್ಲಾ ಆತು."

ನಾನು ಎಷ್ಟು ಜೋರಾಗಿ ಕೂಗಿದೆನೋ ಗೊತ್ತಿಲ್ಲ. ಎದುರಿನ ಚಹಾದ ಅಂಗಡಿಯವನು ಸೋಸುವ ಅರಿವೆ ಕೈಯಲ್ಲಿ ಹಿಡಿದುಕೊಂಡೇ ಓಡಿಬಂದ. "ಏನಾತ್ರಿ ಕಾಕಾ? ಯಾರಿಗೇನಾತು?"

"ಏನಾಗಿಲ್ಲೋ! ನಮ್ಮ ಹುಡುಗಿ ಗೆದ್ದಾಳ!"

"ಗೆದ್ರ ಹಿಂಗ ಒದರ್ತಾರೇನ್ರಿ? ನಾ ಯಾರೋ ಬಿದ್ರು ಅಂದ್ಕೊಂಡೆ," ಅಂದ. ಅಂದವನೇ ಓಣಿಗೆಲ್ಲ ಚಹಾ ಕೊಟ್ಟ.

ನಾನು ಓದಿದ್ದು ಮೂರನೆಯ ಇಯತ್ತೆ. ಇದನ್ನು ಬರೆಯುವಾಗ ಕಾಗುಣಿತ ತಿದ್ದಿದ್ದು ನನ್ನ ಸೊಸೆ, ಅಂದರೆ ಆ ಹುಡುಗಿಯ ತಾಯಿ. ಆಕೆ ಸಾಲಿಯಲ್ಲಿ ಮಾಸ್ತರಿಕೆ ಮಾಡುತ್ತಾಳೆ. "ನನ್ನ ಬರಹ ತಿದ್ದು, ಆದರೆ ಜನ ಆಡಿದ ಮಾತಿಗೆ ಕೈ ಹಚ್ಚಬೇಡ" ಎಂದು ಮೊದಲೇ ಹೇಳಿದ್ದೇನೆ. ನಾವು ಪಿಂಜಾರರು, ಹತ್ತಿ ಹಿಂಜಿ ಗಾದಿ ಮಾಡುವವರು. ನಮ್ಮಪ್ಪ ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಅಂತ ನಾಲ್ಕೂ ತಾಲೂಕು ನಡೆದು ತಿರುಗಿದ. ನಾನು ಸೈಕಲ್ ಮೇಲೆ ತಿರುಗಿದೆ. ನನ್ನ ಮಗ ಯಂತ್ರ ತಂದು ಅಂಗಡಿ ಹಾಕಿದ. ಈಗ ಊರವರೇ ನಮ್ಮಲ್ಲಿಗೆ ಬರುತ್ತಾರೆ. ಫೋಮಿನ ಗಾದಿ ಬಂದು ನಿಮ್ಮ ಕಸುಬು ಹೋಯಿತಲ್ಲ ಎಂದು ಕೇಳುವವರಿದ್ದಾರೆ. ಹೋಗಿಲ್ಲ. ಫೋಮಿನ ಮೇಲೆ ಬೇಸಿಗೆಯಲ್ಲಿ ಮಲಗಿ ಬೆನ್ನು ಬೆವತವರು ಮುಂದಿನ ವರ್ಷ ನಮ್ಮ ಅಂಗಡಿಯಲ್ಲೇ ಇರುತ್ತಾರೆ.

ಇಂಥ ಮನೆಯ ಹುಡುಗಿ ಆಕಾಶಕ್ಕೆ ಹೇಗೆ ಹೋದಳು ಎಂದು ಬಹಳ ಜನ ಕೇಳುತ್ತಾರೆ. ನನಗೆ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಆಕೆ ಹುಡುಕುವುದೂ ಅರಳೆಯನ್ನೇ.

ಆಕೆ ನನಗೆ ಹೇಳಿಕೊಟ್ಟದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಗ್ಯಾಲಕ್ಸಿ ಅಂದರೆ ಲೆಕ್ಕಕ್ಕೆ ಸಿಗದಷ್ಟು ನಕ್ಷತ್ರಗಳ ಒಂದು ದೊಡ್ಡ ಹಿಂಡು. ನಮ್ಮ ಸೂರ್ಯನೂ ಅಂಥ ಒಂದು ಹಿಂಡಿನಲ್ಲಿದ್ದಾನೆ. ಈ ನಕ್ಷತ್ರಗಳು ಹುಟ್ಟುವುದು ಹೈಡ್ರೋಜನ್ ಎಂಬ ಗ್ಯಾಸಿನಿಂದ. ಮೊದಲು ಗ್ಯಾಸು ತೆಳ್ಳಗೆ ಹರಡಿಕೊಂಡಿರುತ್ತದೆ, ಹಿಂಜಿದ ಅರಳೆಯ ಹಾಗೆ. ಮೆಲ್ಲಗೆ ಒತ್ತೊತ್ತಾಗಿ ಕೂಡಿ ನಕ್ಷತ್ರವಾಗುತ್ತದೆ. ಅರಳೆ ಇದ್ದ ಮನೆಯಲ್ಲಿ ಹೊಸ ಗಾದಿ ಆಗುತ್ತದೆ. ಅರಳೆ ತೀರಿದ ಮನೆಯಲ್ಲಿ ಹಳೆಯ ಗಾದಿಯ ಮೇಲೇ ಮಲಗಬೇಕು. ಹಿಂದಿನ ಕಾಲದಲ್ಲಿ ಯಾವ ಗ್ಯಾಲಕ್ಸಿಯಲ್ಲಿ ಎಷ್ಟು ಗ್ಯಾಸು ಇತ್ತು, ಈಗ ಎಷ್ಟು ಉಳಿದಿದೆ, ಎಲ್ಲಿ ಹೋಯಿತು, ಇದನ್ನು ನೋಡುವುದೇ ನಮ್ಮ ಮೊಮ್ಮಗಳ ಕೆಲಸ.

ಮೊದಮೊದಲು ಒಂದು ತಮಾಷೆ ಆಯಿತು. ಹೈಡ್ರೋಜನ್ನಿಗೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ನನ್ನ ಮೈದುನ, ಅಂದರೆ ನನ್ನ ಹೆಂಡತಿಯ ತಮ್ಮ, ಕೇಳಿದ. ಅವನದು ಇಂಡಿಯ ಕಡೆ ಲಿಂಬಿ ತೋಟ. ಸೊಸೆ ಪಾಠದ ಪುಸ್ತಕದ ಮಾತು ಹೇಳಿದಳು: ಜಲಜನಕ. ಎಂಟು ದಿನ ಬಿಟ್ಟು ಮೈದುನ ತನ್ನ ತೋಟದ ನಕ್ಷೆಯನ್ನು ಸುರುಳಿ ಸುತ್ತಿಕೊಂಡು ಬಂದ. "ಇಲ್ಲಿ ಬೋರು ಹಾಕಲೋ, ಅಲ್ಲಿ ಹಾಕಲೋ? ನೀ ನೀರು ನೋಡೂದು ಕಲ್ತೀಯಲ್ಲವಾ!" ಹುಡುಗಿ ನಕ್ಕು ನಕ್ಕು ಸುಸ್ತಾದಳು. "ಮಾಮಾ, ನಾ ನೋಡೂ ಜಲಜನಕ ಎಷ್ಟು ದೂರ ಐತಿ ಅಂದ್ರ, ಅಲ್ಲಿಗೆ ಪೈಪ್ ಮುಟ್ಟೂದಿಲ್ಲ." ಅವನು ಸಿಟ್ಟಾಗಲಿಲ್ಲ. "ಹತ್ರದ್ದು ಏನರ ಕಲಿ ಮೊದಲು," ಎಂದು ಬುದ್ಧಿ ಹೇಳಿ ಲಿಂಬಿಕಾಯಿಯ ಚೀಲ ಇಟ್ಟು ಹೋದ.

ಈ ಗ್ಯಾಸು ಕಣ್ಣಿಗೆ ಕಾಣುವುದಿಲ್ಲ. ಆದರೆ ಅದರ ಒಂದೊಂದು ಕಣವೂ ಕೋಟಿ ವರ್ಷಕ್ಕೊಮ್ಮೆ ತನ್ನಷ್ಟಕ್ಕೆ ತಾನು ಮಗ್ಗುಲು ಬದಲಿಸುತ್ತದಂತೆ. ಹಾಗೆ ಬದಲಿಸಿದಾಗ ಒಂದು ರೇಡಿಯೋ ಅಲೆ ಹೊರಡುತ್ತದೆ. ಕಣಗಳು ಎಣಿಕೆಗೆ ಸಿಗದಷ್ಟು ಇರುವುದರಿಂದ ಯಾವಾಗಲೂ ಯಾವುದೋ ಒಂದು ಮಗ್ಗುಲು ಬದಲಿಸುತ್ತಲೇ ಇರುತ್ತದೆ. ಇದನ್ನು ಕೇಳಿದ ನನ್ನ ಹೆಂಡತಿ, "ನಿಮ್ಮಪ್ಪನ್ಹಂಗ ಅನ್ನು. ಅವನೂ ಕೋಟಿ ವರ್ಷಕ್ಕೊಮ್ಮಿ ಬಾಯಿ ಬಿಡತಾನ," ಅಂದಳು. ನನ್ನ ಮಗ ಯಂತ್ರಕ್ಕೆ ಹತ್ತಿ ಹಾಕುತ್ತಿದ್ದವನು ಕೇಳಿಸಿಕೊಂಡು, ಏನೂ ಅನ್ನದೆ, ಇನ್ನಷ್ಟು ಹತ್ತಿ ಹಾಕಿದ.

ಆ ಅಲೆಯ ಉದ್ದ ಇಪ್ಪತ್ತೊಂದು ಸೆಂಟಿಮೀಟರ್. "ಹಂಗಂದ್ರ ಎಷ್ಟವಾ?" ಎಂದು ಕೇಳಿದೆ. ಆಕೆ ತನ್ನ ಹೆಬ್ಬೆರಳು, ಕಿರುಬೆರಳು ಅಗಲಿಸಿ ತೋರಿಸಿ, "ಒಂದು ಗೇಣು," ಅಂದಳು. ಅಷ್ಟಕ್ಕೆ ಬಿಡಲಿಲ್ಲ. ಟೇಪು ತಂದು ಮನೆಯವರೆಲ್ಲರ ಗೇಣು ಅಳೆದಳು. ನನ್ನದು ಇಪ್ಪತ್ಮೂರು ಬಂತು. ಮಗನದೂ ಅಷ್ಟೇ. ಸೊಸೆಯದು ಇಪ್ಪತ್ತು ಚಿಲ್ಲರೆ. ನನ್ನ ಹೆಂಡತಿಯದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಇಪ್ಪತ್ತೊಂದು.

"ಆಯಿ, ನಿನ್ನ ಗೇಣು ಹೈಡ್ರೋಜನ್ ಗೇಣು!" ಎಂದು ಮೊಮ್ಮಗಳು ಕುಣಿದಳು.

"ಮತ್ತೇನ ತಿಳಕೊಂಡಿ?" ಎಂದು ನನ್ನ ಹೆಂಡತಿ ಆ ಕೈಯನ್ನು ನನ್ನ ಮುಖದ ಮುಂದೆ ಅಗಲಿಸಿ ಹಿಡಿದಳು. "ನಲವತ್ತೈದು ವರ್ಷ ನನ್ನ ಅಳತಿ ಸರಿ ಇಲ್ಲ ಅಂತ ಬೈಸಿಕೊಂಡೇನಿ. ಇನ್ನ ಯಾರರ ಅನ್ರಿ ನೋಡೋಣು."

ಅವತ್ತಿನಿಂದ ಅಂಗಡಿಯಲ್ಲಿ ನಾನು ಗೇಣು ಹಾಕಿದರೆ, "ಅದು ಬರೇ ನಿಮ್ಮ ಗೇಣು," ಅನ್ನುತ್ತಾಳೆ.

ಒಮ್ಮೆ ಆಕೆ ನಮ್ಮನ್ನು ಕರೆದುಕೊಂಡು ಹೋಗಿ ಆ ರೇಡಿಯೋ ಹಿಡಿಯುವ ತಟ್ಟೆಗಳನ್ನು ತೋರಿಸಿದಳು. ಮಹಾರಾಷ್ಟ್ರದಲ್ಲಿ, ದ್ರಾಕ್ಷಿ ತೋಟಗಳ ನಡುವೆ, ಒಂದೊಂದೂ ಒಂದು ಗುಮ್ಮಟವನ್ನು ಮಗುಚಿ ಹಾಕಿದಷ್ಟು ದೊಡ್ಡವು. ಫೋನು ಬಂದ್ ಮಾಡಿ ಒಳಗೆ ಹೋಗಬೇಕು. ಹತ್ತಿರ ಹೋಗಿ ನೋಡಿದರೆ ತಗಡೇ ಇಲ್ಲ, ಬರೀ ತಂತಿಯ ಜಾಲರಿ. "ಇದರಾಗಿಂದ ಎಲ್ಲಾ ಸೋರಿ ಹೋಗೂದಿಲ್ಲೇನು?" ಎಂದು ಕೇಳಿದೆ. "ಕಿಂಡಿ ಎಷ್ಟು ಸಣ್ಣ ಅದಾವ ನೋಡಜ್ಜಾ. ಅಲೆ ಗೇಣುದ್ದ ಐತಿ. ಅದಕ್ಕ ಇದು ಗ್ವಾಡಿ ಇದ್ದಂಗ," ಅಂದಳು. ಒಪ್ಪಿಕೊಂಡೆ. ಕಾಳಿಗೆ ತಕ್ಕ ಜರಡಿ ಅಲ್ಲವೇ.

ಈಗ ಕಷ್ಟದ ದಿನಗಳ ವಿಷಯ. ಹೋದ ವರ್ಷದ ರಂಜಾನ್ ಹಬ್ಬಕ್ಕೆ ಆಕೆ ಮನೆಗೆ ಬಂದಿದ್ದಳು. ಹಬ್ಬದ ದಿನ ನಗುನಗುತ್ತ ಓಡಾಡಿದಳು. ಮರುದಿನ ಬೆಳಿಗ್ಗೆ ಅಂಗಡಿಗೆ ಬಂದು, ಹಿಂಜಿದ ಅರಳೆಯ ರಾಶಿಯ ಪಕ್ಕ ಕುಳಿತಳು. ಅರಳೆಯನ್ನು ಕೈಯಲ್ಲಿ ತೆಗೆದುಕೊಂಡು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಸಣ್ಣವಳಿದ್ದಾಗಿನಿಂದ ಅದು ಆಕೆಗೆ ಏನೋ ಹೇಳುವುದಿದ್ದಾಗಿನ ಅಭ್ಯಾಸ.

"ಅಜ್ಜಾ, ನಾ ಒಂದು ತಪ್ಪು ಮಾಡೀನಿ ಅನ್ನಸ್ತೈತಿ."

"ಹೇಳವಾ."

ಹೇಳಿದಳು. ದೂರದ ಒಂದು ಗ್ಯಾಲಕ್ಸಿಯಿಂದ ಬರುವ ಅಲೆ ಎಷ್ಟು ಕ್ಷೀಣ ಎಂದರೆ ಒಂದನ್ನೇ ನೋಡಿದರೆ ಏನೂ ಕಾಣುವುದಿಲ್ಲ. ಅರಳೆಯ ಒಂದೇ ಪದರ ಹಿಡಿದರೆ ಆಚೆಯ ಗೋಡೆ ಕಾಣುವ ಹಾಗೆ. ಅದಕ್ಕೆ ಆಕೆ ನೂರಾರು ಗ್ಯಾಲಕ್ಸಿಗಳ ಅಲೆಗಳನ್ನು ಒಂದರ ಮೇಲೊಂದು ಹಾಸುತ್ತಾಳೆ. ಪದರದ ಮೇಲೆ ಪದರ ಬಿದ್ದಾಗ ಗಾದಿ ಎದ್ದು ಕಾಣುತ್ತದೆ. ಆದರೆ ಒಂದು ತೊಡಕು ಇದೆ. ಆಕಾಶ ಹಿಗ್ಗುತ್ತಿದೆಯಂತೆ. ದೂರದಿಂದ ಹೊರಟ ಅಲೆ ದಾರಿಯಲ್ಲಿ ತಾನೂ ಹಿಗ್ಗುತ್ತದೆ. ಹೊರಡುವಾಗ ಒಂದು ಗೇಣು ಇದ್ದದ್ದು ಇಲ್ಲಿಗೆ ಮುಟ್ಟುವಾಗ ಗೇಣಿನ ಮೇಲೆ ಒಂದು ಬೆರಳು, ಎರಡು ಬೆರಳು ಹೆಚ್ಚಾಗಿರುತ್ತದೆ. ದೂರ ಹೆಚ್ಚಾದಷ್ಟೂ ಹಿಗ್ಗು ಹೆಚ್ಚು. ಹಾಗಾಗಿ ಯಾವ ಗ್ಯಾಲಕ್ಸಿಯ ಅಲೆ ಎಷ್ಟು ಹಿಗ್ಗಿದೆ ಎಂದು ತಿಳಿದು, ಪ್ರತಿಯೊಂದನ್ನೂ ಮೊದಲಿನ ಗೇಣಿಗೆ ತಂದು, ಆಮೇಲೆ ಹಾಸಬೇಕು. ಇಲ್ಲದಿದ್ದರೆ ಒಂದು ಪದರ ಇಲ್ಲಿ, ಒಂದು ಪದರ ಅಲ್ಲಿ ಬಿದ್ದು ಗಾದಿಯೇ ಆಗುವುದಿಲ್ಲ.

ಹಿಗ್ಗಿನ ಲೆಕ್ಕವನ್ನು ಬೇರೆಯವರು ಮೊದಲೇ ಅಳೆದು ಪಟ್ಟಿ ಮಾಡಿಟ್ಟಿದ್ದರು. ಆಕೆ ಅಂಥ ಎರಡು ಪಟ್ಟಿ ಕೂಡಿಸಿ ಕೆಲಸ ಮಾಡಿದ್ದಳು. ಉತ್ತರ ಏನು ಬಂತು? ಎಲ್ಲರೂ ಅಂದುಕೊಂಡದ್ದರ ಅರ್ಧದಷ್ಟೇ ಗ್ಯಾಸು. ದೊಡ್ಡ ಸುದ್ದಿ. ಗುರುಗಳಿಗೆ ಖುಷಿಯಾಗಿ, ಅದನ್ನು ಬರೆದು ವಿದೇಶದ ಪತ್ರಿಕೆಗೆ ಕಳಿಸಿಯೂ ಆಗಿತ್ತು. ಅಚ್ಚಾಗುವುದೊಂದೇ ಬಾಕಿ. ಅದು ಅಚ್ಚಾದರೆ ಪಿಎಚ್‌ಡಿ ಆದ ಹಾಗೆಯೇ. ಹಬ್ಬಕ್ಕೆ ಹೊರಡುವ ಮೊದಲು ಸುಮ್ಮನೆ ಎರಡೂ ಪಟ್ಟಿಯನ್ನು ಬೇರೆ ಬೇರೆ ಮಾಡಿ ಹಾಸಿ ನೋಡಿದಳಂತೆ. ಒಂದು ಪಟ್ಟಿಯಲ್ಲಿ ಗಾದಿ ಚೆನ್ನಾಗಿ ಎದ್ದಿದೆ. ಇನ್ನೊಂದರಲ್ಲಿ ಏನೂ ಇಲ್ಲ, ನೆಲ ಸಪಾಟ.

ಅಳತೆ ತಪ್ಪಿದಾಗಲೆಲ್ಲ ನಮ್ಮ ಮನೆಯಲ್ಲಿ ಕೇಳುವ ಮಾತನ್ನೇ ನಾನು ಅಭ್ಯಾಸದಂತೆ ಕೇಳಿದೆ: "ಯಾರ ಗೇಣವಾ?"

"ಮತ್ತ ಸುರು ಮಾಡಿದಿ! ಅಜ್ಜಾ, ಹೈಡ್ರೋಜನ್ ಗೇಣು ಎಲ್ಲಾ ಕಡೆ ಒಂದ. ಅದಕ್ಕ ನಿಂದು, ಆಯೀದು ಅಂತ ಇಲ್ಲ."

"ಗೇಣು ಒಂದ ಇರಲಿ. ಅಳದಾವರು ಒಬ್ರೇನು?"

ಆಕೆ ಕೈಯಲ್ಲಿದ್ದ ಅರಳೆಯನ್ನು ರಾಶಿಗೆ ಹಾಕಿ, "ಅದನ್ನ ಹೇಳಾಕ ಬಂದೇನಿ," ಅಂದಳು. ನನ್ನಿಂದ ಹೊಳೆಯಿತು ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ, ಆದರೆ ಬರೆಯುವಾಗ ಸತ್ಯ ಬರೆಯಬೇಕು: ಆಕೆಗೆ ಅದು ಮೊದಲೇ ಹೊಳೆದಿತ್ತು. ಹೆಚ್ಚಾದ ಭಾಗವನ್ನು ಒಂದು ಪಟ್ಟಿಯವರು ಮೊದಲಿನ ಗೇಣಿನಿಂದ ಅಳೆದಿದ್ದರು. ಇನ್ನೊಂದು ಪಟ್ಟಿಯವರು ಹಿಗ್ಗಿದ ಗೇಣಿನಿಂದ ಅಳೆದಿದ್ದರು, ಹಾಗಾಗಿ ಅದೇ ಹಿಗ್ಗಿಗೆ ಎರಡು ಪಟ್ಟಿಯಲ್ಲಿ ಎರಡು ಅಂಕಿ. ಎರಡೂ ಸರಿಯಾದ ಪದ್ಧತಿಯೇ, ಇಬ್ಬರೂ ತಮ್ಮ ತಮ್ಮ ಪಟ್ಟಿಯ ಮೇಲೆ ಅದನ್ನು ಬರೆದೂ ಇಟ್ಟಿದ್ದರು. ಈಕೆ ಓದದೆ ಎರಡನ್ನೂ ಒಂದೇ ಎಂದು ತಿಳಿದು ಕೂಡಿಸಿಬಿಟ್ಟಿದ್ದಳು.

"ಹಂಗಾದ್ರ ಗ್ಯಾಸ್ ಕಮ್ಮಿ ಇಲ್ಲ?"

"ಇಲ್ಲಜ್ಜಾ. ಅರ್ಧ ಗ್ಯಾಲಕ್ಸಿ ತಪ್ಪ ಜಾಗಾದಾಗ ಹಾಸೀನಿ. ಅದಕ್ಕ ಅರ್ಧ ಬಂತು."

"ಇದು ಯಾರಿಗರ ಗೊತ್ತೈತೇನು?"

"ಯಾರಿಗೂ ಗೊತ್ತಿಲ್ಲ. ನನಗ, ಈಗ ನಿನಗ." ರಾಶಿಯಿಂದ ಮತ್ತೆ ಒಂದು ಹಿಡಿ ಅರಳೆ ತೆಗೆದುಕೊಂಡು ಹೇಳಿದಳು, "ಹೇಳಿದ್ರ ಕಳಿಸಿದ್ದು ವಾಪಸ್ ತರಿಸಬೇಕು. ಎಲ್ಲಾ ಮೊದಲಿಂದ ಮಾಡಬೇಕು. ನನಗ ಕೊಟ್ಟ ವರ್ಷ ಮುಗಿಯಾಕ ಬಂದಾವ. ಇನ್ನೊಂದು ವರ್ಷ ಕೊಡ್ತಾರೋ ಇಲ್ಲೋ. ಕೊಡಲಿಲ್ಲಂದ್ರ ಬಿಟ್ಟು ಬರೂದ. ಹೇಳಲಿಲ್ಲಂದ್ರ... ಸಪಾಟ ಬಂದ ಪಟ್ಟಿ ಕೈಬಿಟ್ಟು, ಏನರ ಒಂದು ಕಾರಣ ಬರದ್ರ ನಡೀತೈತಿ. ಹಂಗ ಮಾಡಾವರು ಇರ್ತಾರ."

ನನ್ನ ಹೆಂಡತಿ ಚಹಾ ತಂದವಳು ಬಾಗಿಲಲ್ಲೇ ನಿಂತಿದ್ದಳು. ನಾನು ಆಗ ಒಂದು ಕೆಲಸ ಮಾಡಿದೆ. ಐವತ್ತು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ.

ನಮ್ಮ ಮನೆಯಲ್ಲಿ ಇಂಡಿ ತಾಲೂಕಿನ ಅಗರಖೇಡದ ಗಾದಿಯ ಕತೆ ಎಲ್ಲರಿಗೂ ಗೊತ್ತು. ನನ್ನ ಮದುವೆಗೆ ಮೊದಲಿನ ವರ್ಷ, ಅಲ್ಲಿನ ಒಂದು ಮನೆಯಲ್ಲಿ ಮಗಳ ಮದುವೆಗೆ ಗಾದಿ ಮಾಡಲು ಹೇಳಿದ್ದರು. ಮನೆಯ ಯಜಮಾನಿ ಮಂಚಕ್ಕೆ ಗೇಣು ಹಾಕಿ, "ಒಂಬತ್ತು ಗೇಣು," ಅಂದರು. ನಾನು ನನ್ನ ಗೇಣಿನಿಂದ ಒಂಬತ್ತು ಎಣಿಸಿ ಅರಿವೆ ಕತ್ತರಿಸಿದೆ. ಅವರದು ಸಣ್ಣ ಕೈ, ನನ್ನದು ದೊಡ್ಡ ಕೈ. ಗಾದಿ ಮಂಚಕ್ಕಿಂತ ಒಂದು ಗೇಣು ಉದ್ದವಾಗಿ ನಾಲಿಗೆಯ ಹಾಗೆ ಹೊರಗೆ ಜೋತುಬಿತ್ತು. "ಯಾರ ಗೇಣು?" ಅನ್ನುವ ಮಾತು ನಮ್ಮ ಮನೆಗೆ ಬಂದದ್ದು ಅಲ್ಲಿಂದ. ಎಲ್ಲರೂ ನಗುತ್ತಾರೆ, ನಾನೂ ನಕ್ಕಿದ್ದೇನೆ. ಆದರೆ ನಗುವ ಭಾಗವನ್ನು ಮಾತ್ರ ನಾನು ಹೇಳುತ್ತಿದ್ದೆ.

ಗಾದಿ ಜೋತುಬಿದ್ದದ್ದನ್ನು ಅವರಾರೂ ನೋಡಿರಲಿಲ್ಲ, ಅಂಗಳದಲ್ಲಿ ಹಿಂಜುತ್ತಿದ್ದ ಅಪ್ಪನೂ ನೋಡಿರಲಿಲ್ಲ. ನಾನೊಬ್ಬನೇ ನೋಡಿದ್ದೆ. ಹೆಚ್ಚಾದ ಗೇಣನ್ನು ಕೆಳಗೆ ಮಡಚಿ, ನಾಲ್ಕು ಹೊಲಿಗೆ ಹಾಕಿ, ಮೇಲೆ ಚಾದರ ಹಾಸಿಬಿಟ್ಟೆ. ಕಾಲ ಕಡೆ ಸ್ವಲ್ಪ ಉಬ್ಬಿತ್ತು, ಅಷ್ಟೇ. ಅವರು ನೋಡಿ ಬಹಳ ಚೆನ್ನಾಗಿದೆ ಅಂದರು. ಊಟ ಹಾಕಿದರು. ಊರ ಹೊರಗೆ ಬಂದ ಮೇಲೆ ನನ್ನ ಜಾಣತನವನ್ನು ಅಪ್ಪನಿಗೆ ಹೇಳಿದೆ. ಅಪ್ಪ ಬಿಲ್ಲು ಹೊತ್ತು ಮುಂದೆ ನಡೆಯುತ್ತಿದ್ದವನು ನಿಂತ. ತಿರುಗಿ ಅದೇ ದಾರಿಯಲ್ಲಿ ಊರೊಳಗೆ ನಡೆದ. ಬೀಗರು ಬಂದು ಕುಳಿತ ಮನೆ, ಎಲ್ಲರ ಮುಂದೆ ಮಂಚದ ಮೇಲಿನ ಚಾದರ ತೆಗೆಸಿ, "ಹುಡುಗ ಅಳತಿ ತಪ್ಪಿ ಮಡಚ್ಯಾನ್ರಿ. ಬಿಚ್ಚಿ ಮಾಡಿ ಕೊಡ್ತೇವಿ," ಅಂದ. ನಾನು ಆ ಜನರ ಎದುರಿಗೆ ಕುಳಿತು ಹೊಲಿಗೆ ಬಿಚ್ಚಿದೆ. ಅರಳೆ ಹೊರಗೆ ಹಾಕಿ, ಮತ್ತೆ ಹಿಂಜಿ, ಮತ್ತೆ ತುಂಬಿ, ಹೊತ್ತು ಮುಳುಗುವ ಮೊದಲು ಕೊಟ್ಟೆ.

ಹೇಳಿ ಮುಗಿಸಿದೆ. ಮೊದಲು ಬಾಯಿ ಬಿಟ್ಟವಳು ನನ್ನ ಹೆಂಡತಿ. "ಅಲ್ರೀ, ಇದನ್ನ ನನಗ ಹೇಳೇ ಇಲ್ಲಲ್ಲ! ನಲವತ್ತೆಂಟು ವರ್ಷ ಸಂಸಾರ ಮಾಡೇನಿ!"

"ಹೇಳಿದ್ರ ನೀ ಸುಮ್ನ ಇರ್ತಿದ್ದೇನು?"

"ಯಾಕಿರಲಿ? ದಿನಾ ಹಾಸಿಗಿ ಕೆಳಗ ಕೈ ಹಾಕಿ ನೋಡ್ತಿದ್ದೆ."

ಮೊಮ್ಮಗಳು ನಗಲಿಲ್ಲ. "ಆಮ್ಯಾಲ ಆ ಮನಿಯವರು ಏನಂದ್ರಜ್ಜಾ?"

"ಬೈದ್ರು."

"ಮತ್ತ ಕರದ್ರೇನು?"

"ಇಲ್ಲ. ಮತ್ತ ಎಂದೂ ಕರೀಲಿಲ್ಲ."

"ಇದೆಂಥಾ ಧೈರ್ಯ ಹೇಳಾಕತ್ತಿ! ಕತಿ ಅಂದ್ರ ಕಡೀಕರ ಛಲೋ ಆಗಬೇಕು."

"ಕತಿ ಅಲ್ಲವಾ, ಆಗಿದ್ದು ಹೇಳಿದೆ. ಆ ಮನಿ ಕೆಲಸ ಹೋತು. ಆದ್ರ ನಾ ಇವತ್ತಿಗೂ ಅಗರಖೇಡದಾಗ ಬಸ್ ಇಳಿದ್ರ ನೆಟ್ಟಗ ನಡೀತೇನಿ. ಮಡಚಿ ಬಿಟ್ಟು ಬಂದಿದ್ರ, ಆ ಓಣಿ ಸುತ್ತ ಹಾಕಿ ಹೋಗ್ತಿದ್ದೆ."

ಆಕೆ ಎದ್ದು ಹೊರಗೆ ಹೋದಳು. ಅಂಗಡಿಯ ಎದುರಿನ ಬೇವಿನ ಮರದ ಕೆಳಗೆ ನಿಂತು ಗುರುಗಳಿಗೆ ಫೋನು ಹಚ್ಚಿದಳು. ನಾನು ಸೂಜಿಗೆ ದಾರ ಪೋಣಿಸುವ ನೆವದಲ್ಲಿ ನೋಡುತ್ತಿದ್ದೆ. ಬಹಳ ಹೊತ್ತು ಆಕೆಯೇ ಮಾತಾಡಿದಳು. ಆಮೇಲೆ ಬಹಳ ಹೊತ್ತು ಬರೀ ಕೇಳಿಸಿಕೊಂಡಳು. ಒಳಗೆ ಬಂದಾಗ ಮೂಗು ಕೆಂಪಾಗಿತ್ತು.

"ಏನಂದ್ರವಾ?"

"ಮೊದಲು ಎರಡೂ ಪಟ್ಟಿ ಹೆಸರು ಕೇಳಿದ್ರು. ಆಮ್ಯಾಲ, ಇವತ್ತ ಪತ್ರಿಕೆಯವರಿಗೆ ಬರೀ, ವಾಪಸ್ ತಗೋ ಅಂದ್ರು. ವರ್ಷದ ಮಾತು ಕೇಳಬ್ಯಾಡ, ನನ್ನ ಕೈಯಾಗಿಲ್ಲ ಅಂದ್ರು."

ಅವತ್ತೇ ಬರೆದಳು. ಯಾರ ಮೇಲೂ ಹಾಕಲಿಲ್ಲ, ತಪ್ಪು ನನ್ನದು ಎಂದೇ ಬರೆದಳು. ಸೊಸೆ ಓದಿ ನನಗೆ ಕನ್ನಡದಲ್ಲಿ ಹೇಳಿದಳು. ಆಕೆಗೆ ಹೆದರಿಕೆ ಇತ್ತು, ಮಗಳ ಐದು ವರ್ಷದ ಕೆಲಸ ಅದು. ನನಗೆ ಮಾತ್ರ ಹೆದರಿಕೆ ಆಗಲಿಲ್ಲ. ಬಿಚ್ಚಿ ಹೊಲಿದ ಗಾದಿ ಮೊದಲಿನದಕ್ಕಿಂತ ಗಟ್ಟಿ ಇರುತ್ತದೆ, ಇದು ನಮ್ಮ ಕಸುಬಿನ ಮಾತು. ಹಳೆಯ ಅರಳೆಯಲ್ಲಿ ಕೂತ ಗಂಟೆಲ್ಲ ಎರಡನೆಯ ಸಲ ಹಿಂಜಿದಾಗ ಹೋಗುತ್ತದೆ.

ವರ್ಷ ಸಿಗಲಿಲ್ಲ, ಆರು ತಿಂಗಳು ಸಿಕ್ಕಿತು. ಆ ಆರು ತಿಂಗಳು ಆಕೆ ಊರಿಗೆ ಬರಲಿಲ್ಲ. ಪ್ರತಿಯೊಂದು ಗ್ಯಾಲಕ್ಸಿಯ ಲೆಕ್ಕವನ್ನೂ ಹೊಸದಾಗಿ ಮಾಡಿದಳು. ಯಾರು ಅಳೆದರು, ಯಾವ ಗೇಣಿನಿಂದ ಅಳೆದರು ಎಂದು ಒಂದೊಂದರ ಮುಂದೆಯೂ ಬರೆದಳಂತೆ. ನಾನು ಫೋನು ಮಾಡಿದರೆ, "ಬಿಚ್ಚಾಕತ್ತೇನಜ್ಜಾ," ಅನ್ನುತ್ತಿದ್ದಳು. ಇನ್ನೊಂದು ತಿಂಗಳು ಕಳೆದ ಮೇಲೆ, "ಹಿಂಜಾಕತ್ತೇನಿ." ಆಮೇಲೆ ಒಂದು ಸಂಜೆ ಮಗನ ಫೋನಿಗೆ ಚಿತ್ರ ಬಂತು. ಒಂದು ಗೆರೆ. ನಮ್ಮ ಎರೆಹೊಲದ ಹಾಗೆ ಈ ಕಡೆಯಿಂದ ಸಪಾಟ ಬಂದು, ನಟ್ಟನಡುವೆ ದಿನ್ನೆಯ ಹಾಗೆ ಎದ್ದು, ಮತ್ತೆ ಆ ಕಡೆ ಸಪಾಟ. ಆ ದಿನ್ನೆಯೇ ಗ್ಯಾಸು. ಸೊಸೆ ಫೋನನ್ನು ಅಗಲ ಮಾಡಿ ತೋರಿಸಿದಳು. ನನ್ನ ಮಗ ಚಿತ್ರವನ್ನು ಬಹಳ ಹೊತ್ತು ನೋಡಿ, "ಛಲೋ ಎದ್ದೈತಿ," ಅಂದ. ಗಾದಿಗೆ ಅನ್ನುವ ಮಾತನ್ನೇ ಅಂದ.

ಅರ್ಧ ಗ್ಯಾಸು ಕಾಣೆಯಾಗಿದೆ ಎಂಬ ದೊಡ್ಡ ಸುದ್ದಿ ಹೋಯಿತು. ಗ್ಯಾಸು ಎಲ್ಲರೂ ಅಂದುಕೊಂಡಷ್ಟೇ ಇತ್ತು. ಹಿಂದಿನ ಕಾಲದಲ್ಲಿ ಇಂದಿಗಿಂತ ಹೆಚ್ಚೇ ಇತ್ತು. ಆದರೆ ಲೆಕ್ಕ ಸರಿಯಾದ ಮೇಲೆ ಮೊದಲು ಕಾಣದ ಒಂದು ಸಂಗತಿ ಆಕೆಗೆ ಕಂಡಿತು. ಒತ್ತೊತ್ತಾಗಿ ಗುಂಪಿನಲ್ಲಿರುವ ಗ್ಯಾಲಕ್ಸಿಗಳ ಗ್ಯಾಸು ಬೇಗ ಕಡಿಮೆಯಾಗುತ್ತದೆ, ಒಂಟಿಯಾಗಿರುವವು ಬಹಳ ಕಾಲ ಉಳಿಸಿಕೊಳ್ಳುತ್ತವೆ ಎಂಬುದು ಆ ಕಸುಬಿನವರಿಗೆ ಗೊತ್ತಿದ್ದದ್ದೇ. ಅಷ್ಟು ಹಳೆಯ ಕಾಲದಲ್ಲಿಯೂ, ಸಣ್ಣ ಗುಂಪುಗಳಲ್ಲಿಯೂ ಅದು ನಡೆಯುತ್ತಿತ್ತು ಎಂದು ತೋರಿಸಿದ್ದು ನಮ್ಮ ಮೊಮ್ಮಗಳು. ಇದನ್ನು ಕೇಳಿ ನನ್ನ ಹೆಂಡತಿ, "ಕೂಡು ಮನಿಯಾಗ ಇದ್ದಾಕಿ ನಾ, ನನ್ನ ಕೇಳಿದ್ರ ಮೊದಲ ಹೇಳ್ತಿದ್ದೆ," ಅಂದಳು.

ಆದರೂ ಕಡೆಯ ಪರೀಕ್ಷೆಯ ದಿನ ನನಗೆ ಒಂದು ಪ್ರಶ್ನೆಯದೇ ಚಿಂತೆ ಇತ್ತು. ವಾಪಸ್ ತೆಗೆದುಕೊಂಡ ಆ ಬರಹದ ಬಗ್ಗೆ ಕೇಳಿಯೇ ಕೇಳುತ್ತಾರೆ ಎಂದು ಆಕೆಯೇ ಹೇಳಿದ್ದಳು. ಈ ಹುಡುಗಿಯ ಲೆಕ್ಕ ನಂಬಬಹುದೋ ಇಲ್ಲವೋ ಎಂದು ಅಳೆಯುವ ಪ್ರಶ್ನೆ ಅದು. ಮೊದಲು ಹೇಳಿದ ಆ ಮಧ್ಯಾಹ್ನ ಅಂಗಡಿಯಲ್ಲಿ ಬ್ಯಾಗನ್ನೂ ಇಳಿಸದೆ ನಿಂತವಳನ್ನು ನಾನು ಕೇಳಿದ್ದೂ ಅದನ್ನೇ.

"ಕೇಳಿದ್ರೇನು?"

"ಅದನ್ನ ಮೊದಲು ಕೇಳಿದ್ರು. ಹೊರಗಿನಿಂದ ಬಂದ ಒಬ್ರು ಹಿರಿಯರು. ನೀ ಸುಮ್ನಿದ್ರ ನಮಗ ಗೊತ್ತಾಗ್ತಿರಲಿಲ್ಲ, ಯಾಕ ತಗದಿ ಅಂದ್ರು."

"ಏನಂದಿ?"

"ಇನ್ನ ಮುಂದ ನಾ ಇದ ಹಾದಿ ಹಿಡದು ತಿರಗಾಡಬೇಕ್ರಿ ಅಂದೆ. ಮತ್ತ ಹೊಸಾ ಲೆಕ್ಕ ಪೂರಾ ತೋರಿಸಿದೆ. ಅವರು ನಾಕ್ ಸಲ ತಿರುವಿ ನೋಡಿ, ಇದು ನಿಲ್ತೈತಿ ಅಂದ್ರಜ್ಜಾ."

ನಾನು ಅಂಗಡಿ ಮಗನಿಗೆ ಬಿಟ್ಟು ಆಕೆಯ ಬ್ಯಾಗು ಹೊತ್ತುಕೊಂಡು ಮನೆಗೆ ನಡೆದೆ. "ಭಾರ ಐತಿ, ಕೊಡಜ್ಜಾ," ಅಂದಳು. ಕೊಡಲಿಲ್ಲ.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ನನ್ನ ಹೆಂಡತಿ ಮೊಮ್ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು, ಲಟಿಕೆ ಮುರಿದು ದೃಷ್ಟಿ ತೆಗೆದಳು, ಆಮೇಲೆ ಕಣ್ಣು ಒರೆಸಿಕೊಂಡು, "ಮೊದಲು ಗೋಧಿ ನೆನೆ ಹಾಕಬೇಕಿತ್ತು, ಹೇಳಬಾರದೇನ ಫೋನಿನ್ಯಾಗ? ಈಗ ಹುಗ್ಗಿ ಹೆಂಗ ಆಗಬೇಕು?" ಎಂದು ಬೈದಳು. ಕುಟ್ಟಿದ ಗೋಧಿ ಪಕ್ಕದ ಮನೆಯಲ್ಲಿ ಸಿಕ್ಕಿತು. ಸೊಸೆ ಸಾಲಿಯಿಂದ ಬಂದವಳು ಸೀರೆ ಬದಲಿಸದೆ ಒಲೆಯ ಮುಂದೆ ಕುಳಿತಳು. ಮಗ ಅಂಗಡಿ ಬೇಗ ಮುಚ್ಚಿ, ಕೋಳಿ ತಂದ. ಬಾಗೇವಾಡಿಗೆ ಕೊಟ್ಟ ನನ್ನ ಮಗಳು ಗಂಡ, ಮಕ್ಕಳ ಜೊತೆ ಬಂದಳು. ಬರುವಾಗ ಕೊಲ್ಹಾರದ ಮೊಸರಿನ ಗಡಿಗೆ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದಳು. ಗುಂಡಿಯಲ್ಲಿ ಗಾಡಿ ಹಾರಿದಾಗಲೆಲ್ಲ ಗಂಡನಿಗೆ ಬೈದಳಂತೆ. ಅಳಿಯ ಅದನ್ನೇ ಎರಡು ಸಲ ಹೇಳಿದ.

ಪಡಸಾಲೆಯಲ್ಲಿ ಊಟಕ್ಕೆ ನೆಲದ ಮೇಲೆ ದಸ್ತರ್‌ಖಾನ್ ಹಾಸಿದೆವು. ಒಂದು ಸಾಲದೆ ಪಕ್ಕಕ್ಕೆ ಇನ್ನೊಂದು ಹಾಸಬೇಕಾಯಿತು. ಬಿಸಿ ಜೋಳದ ರೊಟ್ಟಿ, ಕೋಳಿ ಸಾರು, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ತುಪ್ಪ ಹಾಕಿದ ಹುಗ್ಗಿ. ನಾನು ಬಿಸ್ಮಿಲ್ಲಾ ಅಂದೆ, ಎಲ್ಲರೂ ಕೈ ಹಾಕಿದರು. ಸಣ್ಣ ಮೊಮ್ಮಗಳು ಬಾಗೇವಾಡಿಯಿಂದ ಬಂದವಳು, "ಅಕ್ಕಾ, ನೀ ಇನ್ನ ಏನ ಕಲೀಬೇಕು?" ಎಂದು ಕೇಳಿದಳು. "ರೊಟ್ಟಿ ಬಡಿಯೂದು," ಎಂದು ನನ್ನ ಹೆಂಡತಿ ಉತ್ತರ ಕೊಟ್ಟಳು. "ಅದೂ ಬರ್ತೈತಿ ಆಯಿ, ಬರೇ ದುಂಡಗ ಬರೂದಿಲ್ಲ," ಎಂದು ಡಾಕ್ಟರ್ ಬಾಯಿ ತುಂಬ ಹುಗ್ಗಿ ಇಟ್ಟುಕೊಂಡೇ ಹೇಳಿದಳು. ಸೊಸೆ ಬಡಿಸುತ್ತಲೇ ಇದ್ದಳು. ನನ್ನ ಮಗ ಆಕೆಯ ಕೈ ಹಿಡಿದು ತನ್ನ ಪಕ್ಕ ಕೂರಿಸಿ, ತಾನೇ ಎದ್ದು ಸಾರಿನ ಪಾತ್ರೆ ತೆಗೆದುಕೊಂಡ. ಎಲ್ಲರಿಗೂ ಎರಡನೆಯ ಸಲ ಬಡಿಸಿದ, ಬೇಡ ಅಂದವರಿಗೂ ಬಡಿಸಿದ. ಮೊಮ್ಮಗಳು ತಾಟು ಮುಂದೆ ಮಾಡಿ, "ಅಪ್ಪಾ, ಕೋಳಿ ಕಾಲು ನನಗ," ಅಂದಳು.